ಪಯಣಿಗರೊಡನೆ ವಿಶ್ವಾಸದ ಹಂಚಿಕೆ

(ಶತಮಾನೋತ್ಸವದ ಅಂಗವಾಗಿ ನಡೆದ ಪ್ರೇಷಿತ ಕಾರ್ಯ ಚಿಂತನಾಗೋಷ್ಠಿಯಲ್ಲಿ ಓದಿದ ಉಪನ್ಯಾಸ)



ನಮ್ಮ ದೇವಾಲಯದ ನೂರು ವರ್ಷದ ಹಬ್ಬವನ್ನು ದೀಪಾಲಂಕಾರ, ತೇರು, ಸಹಭೋಜನಗಳಲ್ಲಿಯೇ ಮುಗಿಸಿಬಿಡದೆ, ನಮ್ಮಲ್ಲಿ ಕೆಲವರಾದರೂ ಹತ್ತು ದಿನಗಳ ಮಟ್ಟಿಗೆ ಹೊರಸೀಮೆಗೆ ಹೋಗಿ ಶುಭಸಂದೇಶಕ್ಕೆ ಸಾಕ್ಷಿಗಳಾಗಿ ಬರಬೇಕೆಂದು ಪಾಲನಾ ಸಮಿತಿಯು ತೀರ್ಮಾನಿಸಿದ್ದನ್ನು ತಾವೆಲ್ಲರೂ ಬಲ್ಲಿರಿ. ಅದರಂತೆ 2024ರ ಕ್ರಿಸ್ತಜಯಂತಿಯ ಮರುದಿನ ಒಬ್ಬ ಗುರುಗಳು, ಇಬ್ಬರು ಭಗಿನಿಯರು, ಎಂಟು ಮಂದಿ ಶ್ರೀಸಾಮಾನ್ಯರು, ಹೀಗೆ ಹನ್ನೊಂದು ಜನರು ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಗಳ ಕಡೆಗೆ ಹೊರಟೆವು. ಮುಂದಿನ ತಂಡವೊಂದು ಈಗ ಸಿದ್ಧವಾಗುತ್ತಿರುವುದರಿಂದ, ನಾವು ಕಂಡದ್ದನ್ನೂ ಎಡವಿದ್ದನ್ನೂ ತಮ್ಮ ಮುಂದಿಡಬೇಕೆಂದು ಗುರುಗಳ ಅಪ್ಪಣೆಯಾಗಿದೆ. ನಮ್ಮಲ್ಲೊಬ್ಬರು ನಿಂತು ಓದುತ್ತಿದ್ದರೂ ಮಾತು ಹನ್ನೊಂದು ಜನರದು. ಒಂದೆರಡು ಕಡೆ ನಮ್ಮೊಳಗೇ ಒಮ್ಮತವಿಲ್ಲ. ಅದನ್ನೂ ಮರೆಮಾಚದೆ ಹೇಳುತ್ತೇವೆ. ನಾವು ಕಂಡ ಹಳ್ಳಿಗಳ ಹೆಸರನ್ನೂ ಜನರ ಹೆಸರನ್ನೂ ಹೇಳುವುದಿಲ್ಲ. ಅವರು ನಮಗೆ ಅನ್ನವಿಕ್ಕಿದರೇ ಹೊರತು ತಮ್ಮ ಹೆಸರನ್ನು ಅಚ್ಚುಹಾಕಿಸಲು ಅನುಮತಿ ಕೊಟ್ಟಿಲ್ಲ.

ಆ ಸೀಮೆಯನ್ನು ಕಾಣದವರಿಗಾಗಿ ಎರಡು ಮಾತು. ಕಲಬುರಗಿಯಿಂದ ವಾಯವ್ಯಕ್ಕೆ ಸುಮಾರು 40 ಕಿಲೋಮೀಟರು ಹೋದರೆ ಆಳಂದ, ಅದರಾಚೆ ಮಹಾರಾಷ್ಟ್ರ. ದಕ್ಷಿಣಕ್ಕೆ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ ಭೀಮಾ ನದಿಯನ್ನು ದಾಟಿದರೆ ಜೇವರ್ಗಿ. ಪಶ್ಚಿಮಕ್ಕೆ, ಭೀಮೆಯ ಬದಿಯ ಸೀಮೆ ಅಫಜಲಪುರದ್ದು. ಎತ್ತ ನೋಡಿದರೂ ಕಪ್ಪು ನೆಲ, ತೊಗರಿ, ಜೋಳ. ಇಲ್ಲಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆತಿದೆ. ಮಳೆ ಕೈಕೊಟ್ಟ ವರ್ಷ ಬೇಳೆಯೂ ಇಲ್ಲ, ಮನ್ನಣೆಯ ಮಾತೂ ಇಲ್ಲ. ಆಳಂದದ ಕಡೆಯಿಂದ ಹರಿದು ಬರುವ ಅಮರ್ಜಾ ಹೊಳೆಯು ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಕಥೋಲಿಕರ ಸಂಖ್ಯೆ ಈ ತಾಲ್ಲೂಕುಗಳಲ್ಲಿ ತೀರ ಕಡಿಮೆ. ಗುಲ್ಬರ್ಗ ಧರ್ಮಪ್ರಾಂತ್ಯವು 2005ರಲ್ಲಿ ಸ್ಥಾಪನೆಯಾಗಿ, ಪರಮಪೂಜ್ಯ ರಾಬರ್ಟ್ ಮಿರಾಂದರು ಅದರ ಮೊದಲ ಧರ್ಮಾಧ್ಯಕ್ಷರಾದರು. ಬೀದರ, ಕಲಬುರಗಿಗಳಲ್ಲಿ ಮೆಥೊಡಿಸ್ಟ್ ಸಹೋದರರು ಹಲವು ತಲೆಮಾರುಗಳಿಂದ ದುಡಿದಿದ್ದಾರೆ. ಅಷ್ಟು ದೂರವಲ್ಲದ ರಾಯಚೂರು ಜಿಲ್ಲೆಯ ಮುದಗಲ್ಲಿನಲ್ಲಿ ಯೇಸುಸಭೆಯ ಗುರುಗಳು 1557ಕ್ಕೆ ಮೊದಲೇ, ಆದಿಲಶಾಹಿಗಳ ಕಾಲದಲ್ಲಿ, ದೇವಾಲಯವನ್ನು ಕಟ್ಟಿದರೆಂದು ಹೇಳುವುದುಂಟು. ಆದ್ದರಿಂದ ಈ ನಾಡಿಗೆ ಯೇಸುಸ್ವಾಮಿಯ ನಾಮವನ್ನು ಹೊತ್ತುಕೊಂಡು ಹೋದ ಮೊದಲಿಗರು ನಾವೇ ಎಂಬ ಭ್ರಮೆ ಯಾರಿಗೂ ಬೇಡ. ಹೊರಡುವಾಗ ನಮಗೆ ಆ ಭ್ರಮೆ ಸ್ವಲ್ಪ ಇತ್ತು.

ಭ್ರಮೆಯ ಜೊತೆಗೆ ಹದಿನಾಲ್ಕು ಗಂಟುಗಳೂ ಇದ್ದವು. ತಾವೇ ಪ್ರೀತಿಯಿಂದ ಕೊಟ್ಟವುಗಳು: ಬಟ್ಟೆಬರೆ, ಮಕ್ಕಳ ನೋಟುಪುಸ್ತಕ, ಔಷಧಿ, ಜಪಮಾಲೆ, ತಿರುಹೃದಯದ ಬಣ್ಣದ ಚಿತ್ರ, ಸಣ್ಣ ಸಣ್ಣ ಪುಸ್ತಿಕೆ. ಮೊದಲನೆಯ ದಿನ ಸಂಜೆ ಒಂದು ಹಳ್ಳಿಯ ಅಗಸೆಯ ಬಳಿ ವಾಹನದಿಂದಿಳಿದು, ಗಂಟು ಬಿಚ್ಚಿ ಹಂಚತೊಡಗಿದೆವು. ಮಕ್ಕಳು ಓಡಿ ಬಂದರು, ಹೆಂಗಸರು ಬಂದರು, ನೂಕುನುಗ್ಗಲಾಯಿತು. ಒಂದು ಮಗುವಿನ ಕಾಲಿಗೆ ಪೆಟ್ಟೂ ಆಯಿತು. ನಮ್ಮ ಯುವಕರೊಬ್ಬರು ಇದನ್ನೆಲ್ಲ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದರು. ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು ಬಹಳ ಹೊತ್ತು ನೋಡಿ, ಕೊನೆಗೆ ಕೇಳಿದರು: ‘ಯಾವ ಪಾರ್ಟಿಯವ್ರು ರೀ ನೀವು? ಎಲೆಕ್ಷನ್ ಬಂತೇನು?’

ಅದರಲ್ಲಿ ಕುಹಕವೇನೂ ಇರಲಿಲ್ಲ. ಪರಊರಿನವರು ಗಾಡಿ ತುಂಬ ಸಾಮಾನು ತಂದು ಹಂಚಿ, ಚಿತ್ರ ತೆಗೆದುಕೊಂಡು, ಕತ್ತಲಾಗುವುದರೊಳಗೆ ಹೊರಟುಹೋಗುವುದನ್ನು ಅವರು ಚುನಾವಣೆಯ ಕಾಲದಲ್ಲಿ ಕಂಡಿದ್ದರು. ನಾವು ಹಾಗೆಯೇ ಕಂಡೆವು. ನಮ್ಮ ಗುರುಗಳು ಕೈಮುಗಿದು, ‘ಪಾರ್ಟಿಯವರಲ್ಲ ಯಜಮಾನರೇ, ಏಸುವಿನ ಭಕ್ತರು’ ಎಂದಾಗ ಆ ಹಿರಿಯರು, ‘ಹಂಗಿದ್ರ ಬರ್ರಿ, ಕುಂಡ್ರಿ. ಕೂಸಿಗಿ ಅಂಗಿ ಕೊಟ್ರಿ, ಚಲೋ ಆತು. ಖರೇ ಒಂದ್ ಗಳಿಗಿ ಕುಂತು ಮಾತಾಡ್ಲಿಲ್ಲಲ್ರಿ’ ಎಂದರು. ಅಂದು ರಾತ್ರಿ ಬಿಡಾರಕ್ಕೆ ಮರಳಿದ ಮೇಲೆ ನಾವು ಬಹಳ ಹೊತ್ತು ಮಾತನಾಡಿಕೊಂಡೆವು. ಉಳಿದ ಗಂಟುಗಳನ್ನು ಬಿಚ್ಚಲಿಲ್ಲ. ನೋಟುಪುಸ್ತಕಗಳನ್ನು ಮರುದಿನ ಶಾಲೆಯ ಮುಖ್ಯ ಗುರುಗಳ ಕೈಗೊಪ್ಪಿಸಿ, ಹಂಚುವುದನ್ನು ಅವರಿಗೇ ಬಿಟ್ಟೆವು. ತೆಗೆದ ಚಿತ್ರಗಳನ್ನು ಅಳಿಸಿಹಾಕಿದೆವು. ಈ ಸಂಚಿಕೆಯಲ್ಲಿ ನಮ್ಮ ಪಯಣದ ಚಿತ್ರಗಳಿಲ್ಲದಿರಲು ಕಾರಣ ಅದು. ಸಂಪಾದಕರ ಮೇಲೆ ಯಾರೂ ಮುನಿಯಬಾರದು.

ಇಲ್ಲಿ ಕಾನೂನಿನ ಮಾತೊಂದನ್ನು ಹೇಳಬೇಕು. ಮುಂದೆ ಹೋಗುವವರಿಗೆ ಅದು ತಿಳಿದಿರಬೇಕು. ನಮ್ಮ ಸಂವಿಧಾನದ 25ನೆಯ ವಿಧಿಯು ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಸಾರ ಮಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಪ್ರಸಾರದ ಹಕ್ಕೆಂದರೆ ಮತ್ತೊಬ್ಬರನ್ನು ಮತಾಂತರಿಸುವ ಹಕ್ಕಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1977ರಲ್ಲಿ, ಸ್ಟಾನಿಸ್ಲಾಸ್ ಗುರುಗಳ ಮೊಕದ್ದಮೆಯಲ್ಲಿ, ತೀರ್ಪಿತ್ತಿತು. ನಮ್ಮ ರಾಜ್ಯದಲ್ಲಿ 2022ರಲ್ಲಿ ಮತಾಂತರವನ್ನು ಕುರಿತ ಕಾಯಿದೆಯೊಂದು ಬಂದಿತು. ಉಡುಗೊರೆಯೂ ಅದರಲ್ಲಿ ಆಮಿಷಗಳ ಪಟ್ಟಿಗೆ ಸೇರಿತ್ತು. 2023ರಲ್ಲಿ ಅದನ್ನು ಹಿಂತೆಗೆದುಕೊಳ್ಳಲು ಸಚಿವ ಸಂಪುಟವು ನಿರ್ಧರಿಸಿತು. ಈ ಕಾಯಿದೆಯ ಬಗ್ಗೆ ನಮ್ಮ ಸಮುದಾಯದಲ್ಲಿ ಆತಂಕವಿತ್ತು, ಅದಕ್ಕೆ ಕಾರಣಗಳೂ ಇದ್ದವು. ಆದರೆ ನಮ್ಮ ಗಂಟುಗಳ ವಿಷಯದಲ್ಲಿ ಕಾಯಿದೆಯನ್ನು ದೂರಿ ಪ್ರಯೋಜನವಿಲ್ಲ. ಕಾಯಿದೆ ಇರಲಿ ಬಿಡಲಿ, ಸ್ವಾಮಿಯ ಅಪ್ಪಣೆಯೇ ನಮಗೆ ವಿರುದ್ಧವಾಗಿತ್ತು. ಸಂತ ಲೂಕರು ಬರೆದ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಎಪ್ಪತ್ತೆರಡು ಶಿಷ್ಯರನ್ನು ಇಬ್ಬಿಬ್ಬರಾಗಿ ಊರೂರಿಗೆ ಕಳುಹಿಸುತ್ತಾರೆ. ಅದು ಅಲ್ಪಾವಧಿಯ ಪಯಣವೇ. ಅವರು ಹೋಗಿ ಮರಳಿ ಬಂದು ವರದಿ ಒಪ್ಪಿಸುತ್ತಾರೆ. ಅವರು ಏನನ್ನು ಕೊಂಡೊಯ್ಯಬೇಕೆಂಬ ಪಟ್ಟಿ ಅಲ್ಲಿಲ್ಲ. ಏನನ್ನು ಕೊಂಡೊಯ್ಯಬಾರದು ಎಂಬ ಪಟ್ಟಿಯೇ ಇರುವುದು: ಹಣದ ಚೀಲ ಬೇಡ, ಜೋಳಿಗೆ ಬೇಡ, ಪಾದರಕ್ಷೆಯೂ ಬೇಡ. ಸೇರಿಸಿಕೊಂಡವರ ಮನೆಯಲ್ಲಿ ಉಳಿದು, ಅವರು ಬಡಿಸಿದ್ದನ್ನು ಉಣ್ಣಬೇಕು. ಈ ವಾಕ್ಯವನ್ನು ನಾವು ದೇವಾಲಯದಲ್ಲಿ ಎಷ್ಟೋ ಸಲ ಕೇಳಿದ್ದೆವು. ಹದಿನಾಲ್ಕು ಗಂಟು ಕಟ್ಟುವಾಗ ನಮ್ಮಲ್ಲಿ ಒಬ್ಬರಿಗೂ ಅದು ನೆನಪಾಗಲಿಲ್ಲ.

ಅದನ್ನು ನೆನಪಿಸಿದ್ದು ಗಾಣಗಾಪುರ. ದತ್ತಾತ್ರೇಯನ ಅವತಾರವೆಂದು ನಂಬಲಾದ ನರಸಿಂಹ ಸರಸ್ವತಿಗಳು ನೆಲೆಸಿದ್ದ ಆ ಕ್ಷೇತ್ರಕ್ಕೆ ಕರ್ನಾಟಕದಿಂದಲೂ ಮಹಾರಾಷ್ಟ್ರದಿಂದಲೂ ನಿತ್ಯ ಜನ ಬರುತ್ತಾರೆ. ಅವರ ಚರಿತ್ರೆಯಾದ ಮರಾಠಿಯ ಗುರುಚರಿತ್ರೆಯನ್ನು ಬರೆದ ಸರಸ್ವತೀ ಗಂಗಾಧರರು ಕನ್ನಡಿಗರು, ಆಳಂದ ತಾಲ್ಲೂಕಿನ ಕಡಗಂಚಿಯವರು ಎನ್ನುತ್ತಾರೆ. ಈಗ ಕೇಂದ್ರೀಯ ವಿಶ್ವವಿದ್ಯಾಲಯವಿರುವ ಕಡಗಂಚಿ ಅದೇ. ನಾವು ಮಧ್ಯಾಹ್ನದ ಹೊತ್ತು ಬಸ್ಸಿಗಾಗಿ ಕಾಯುತ್ತಿದ್ದಾಗ, ಅನುಕೂಲಸ್ಥರಂತೆ ಕಾಣುವ ಗಂಡಸರು ಹೆಂಗಸರು ಕೈಯಲ್ಲಿ ಜೋಳಿಗೆ ಹಿಡಿದು ಮನೆಮನೆಯ ಬಾಗಿಲಲ್ಲಿ ಭಿಕ್ಷೆ ಬೇಡುವುದನ್ನು ಕಂಡೆವು. ಅದು ಮಧುಕರಿ. ಕ್ಷೇತ್ರಕ್ಕೆ ಬಂದ ಭಕ್ತನು ಐದು ಮನೆಗಳಲ್ಲಾದರೂ ಬೇಡಿ ತಂದು ಉಣ್ಣಬೇಕೆಂಬುದು ಪದ್ಧತಿ. ಆ ಹೊತ್ತಿನಲ್ಲಿ ದತ್ತನೇ ಯಾವುದೋ ವೇಷದಲ್ಲಿ ಭಿಕ್ಷುಕರ ನಡುವೆ ಇರುತ್ತಾನೆಂಬುದು ಅವರ ನಂಬಿಕೆ. ಕಾರಿನಲ್ಲಿ ಬಂದಿಳಿದವರು ಅಲ್ಲಿ ರೊಟ್ಟಿಯ ಚೂರಿಗಾಗಿ ಕೈಯೊಡ್ಡುತ್ತಾರೆ. ನಮ್ಮ ಹಿರಿಯ ಭಗಿನಿಯವರು ಅದನ್ನು ನೋಡುತ್ತ ನಿಂತವರು ಮೆಲ್ಲನೆ, ‘ಎಪ್ಪತ್ತೆರಡು ಮಂದಿಗೆ ಸ್ವಾಮಿ ಹೇಳಿದ್ದನ್ನು ಇವರು ಮಾಡುತ್ತಿದ್ದಾರೆ, ನಾವು ಗಂಟು ಹೊತ್ತು ಬಂದಿದ್ದೇವೆ’ ಎಂದರು. ಅವರ ದೇವರು ಬೇರೆ, ನಂಬಿಕೆ ಬೇರೆ ಎಂಬುದನ್ನು ನಾವು ಮರೆತಿಲ್ಲ. ಪಾಠವನ್ನು ಮಾತ್ರ ಅಲ್ಲಿಯೇ ಕಲಿತೆವು.

ಈ ಸೀಮೆಯ ಜನರೇ ಒಂದು ಬಗೆಯಲ್ಲಿ ಪಯಣಿಗರು. ಆಳಂದದ ಲಾಡ್ಲೆ ಮಶಾಯಕರ ದರ್ಗಾಕ್ಕೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ. ಭೀಮೆಯ ದಂಡೆಯ ಘತ್ತರಗಿಯಲ್ಲಿ ಭಾಗ್ಯವಂತಿ, ಕಲಬುರಗಿಯಲ್ಲಿ ದಾಸೋಹಕ್ಕೆ ಹೆಸರಾದ ಶರಣಬಸವೇಶ್ವರರು. ಜೇವರ್ಗಿಯ ಸೀಮೆಗೇ ಸೇರಿದ್ದ ಕಡಕೋಳದ ಮಡಿವಾಳಪ್ಪನವರ ತತ್ವಪದಗಳನ್ನು ಭಜನೆಯ ಮೇಳದವರು ಇಂದಿಗೂ ರಾತ್ರಿಯಿಡೀ ಹಾಡುತ್ತಾರೆ. ಅವರ ಶಿಷ್ಯರಲ್ಲಿ ಚನ್ನೂರಿನ ಜಲಾಲಸಾಹೇಬರಂಥ ಮುಸಲ್ಮಾನರೂ ಇದ್ದರು. ಹೀಗೆ ಗುರುವನ್ನು ಅರಸಿ ಅಲೆಯುವುದು ಇವರ ರಕ್ತದಲ್ಲಿದೆ. ಇನ್ನೊಂದು ಅಲೆದಾಟ ಹೊಟ್ಟೆಪಾಡಿನದು. ಅದಕ್ಕೆ ಅಲ್ಲಿಯವರು ಗುಳೆ ಎನ್ನುತ್ತಾರೆ. ಹೊಲದ ಕೆಲಸ ತೀರುತ್ತಲೇ ಮನೆಗೆ ಬೀಗ ಜಡಿದು, ಇಲ್ಲವೆ ಮುದುಕರನ್ನೂ ಸಣ್ಣ ಮಕ್ಕಳನ್ನೂ ಬಿಟ್ಟು, ಮುಂಬಯಿ, ಪುಣೆ, ಬೆಂಗಳೂರುಗಳ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ನಾವು ಹೋದ ಒಂದು ಓಣಿಯಲ್ಲಿ ಸಾಲಾಗಿ ಬೀಗ ಹಾಕಿದ ಮನೆಗಳಿದ್ದವು. ಹಬ್ಬಕ್ಕೆ ಬರುತ್ತಾರೆ ಎಂದರು. ಆ ಹಬ್ಬ ಎಳ್ಳಮಾವಾಸ್ಯೆ. ನಾವು ಅಲ್ಲಿದ್ದಾಗಲೇ, ಡಿಸೆಂಬರ್ 30ರಂದು ಬಂದಿತು.

ಈ ಹಬ್ಬದ ದಿನ ಊರಿಗೆ ಊರೇ ಹೊಲದಲ್ಲಿರುತ್ತದೆ. ಸಜ್ಜೆಯ ಕಡುಬು, ಭಜ್ಜಿಪಲ್ಯ, ಶೇಂಗಾದ ಹೋಳಿಗೆ, ಎಳ್ಳು ಹಚ್ಚಿದ ರೊಟ್ಟಿ ಎಲ್ಲವನ್ನೂ ಬುತ್ತಿ ಕಟ್ಟಿಕೊಂಡು ಬಂಡಿಯಲ್ಲೋ ಟ್ರ್ಯಾಕ್ಟರಿನಲ್ಲೋ ಹೋಗಿ, ಭೂಮಿತಾಯಿಗೆ ಎಡೆ ಮಾಡಿ, ಬೆಳೆಯ ನಡುವೆ ಚರಗ ಚೆಲ್ಲಿ, ಆಮೇಲೆ ಬಂಧುಬಳಗ, ದಾರಿಹೋಕರು ಎನ್ನದೆ ಎಲ್ಲರನ್ನೂ ಕರೆದು ಉಣಬಡಿಸುತ್ತಾರೆ. ನಾವು ರಾಗಿಮುದ್ದೆಯ ಸೀಮೆಯವರು, ಇಂಥದನ್ನು ಕಂಡವರಲ್ಲ. ಮೊದಲ ದಿನ ಕಟ್ಟೆಯ ಮೇಲಿದ್ದ ಆ ಹಿರಿಯರೇ ಹೇಳಿಕಳುಹಿಸಿದ್ದರಿಂದ ಅವರ ಹೊಲಕ್ಕೆ ಹೋದೆವು. ಎದೆಯೆತ್ತರ ಜೋಳ, ಬದುವಿನಲ್ಲಿ ಹಾಸಿದ ಕಂಬಳಿ, ಸುತ್ತ ಹತ್ತಿಪ್ಪತ್ತು ಜನ.

ಆಗ ನಮ್ಮೊಳಗೊಂದು ಪಿಸುಮಾತು ಹುಟ್ಟಿತು. ಎಡೆಗಿಟ್ಟ ಅನ್ನವನ್ನು ನಾವು ಉಣ್ಣಬಹುದೇ? ನಮ್ಮ ತಂಡದ ಇಬ್ಬರು ಹಿರಿಯರಿಗೆ ಅದು ಒಪ್ಪಿಗೆಯಾಗಲಿಲ್ಲ. ಅವರ ಅಳುಕು ಹುಡುಗಾಟದ್ದಲ್ಲ; ಮನೆಯಲ್ಲಿ ತಾಯಿತಂದೆಯರು ಕಲಿಸಿದ ಶಿಸ್ತು ಅದು. ಕೊರಿಂಥದ ಸಭೆಯಲ್ಲಿಯೂ ಇದೇ ಪ್ರಶ್ನೆ ಎದ್ದಿತ್ತು. ಸಂತ ಪೌಲರು ತಮ್ಮ ಪತ್ರದಲ್ಲಿ ಎರಡು ಕಡೆಗಳಿಗೂ ಕಿವಿಗೊಟ್ಟು, ಒಬ್ಬನ ಸ್ವಾತಂತ್ರ್ಯವು ಮತ್ತೊಬ್ಬನ ಅಂತಃಕರಣಕ್ಕೆ ಎಡವುಗಲ್ಲಾಗಬಾರದೆಂದು ಬುದ್ಧಿ ಹೇಳಿದ್ದಾರೆ. ಆ ಚರ್ಚೆಯನ್ನು ನಾವು ಬದುವಿನ ಮೇಲೆ ನಿಂತು ಕೆಳದನಿಯಲ್ಲಿ ನಡೆಸುತ್ತಿದ್ದೆವು. ಯಾರಿಗೂ ಗೊತ್ತಾಗುತ್ತಿಲ್ಲವೆಂದು ತಿಳಿದಿದ್ದೆವು. ಅಷ್ಟರಲ್ಲಿ ಆ ಮನೆಯ ಯಜಮಾನಿ ಒಂದು ಬೇರೆ ಬುಟ್ಟಿಯನ್ನು ತಂದು ನಮ್ಮ ಭಗಿನಿಯವರ ಮುಂದಿಟ್ಟು, ‘ಅಕ್ಕೋರ, ಭೂಮಿತಾಯಿಗಿ ಎಡಿ ಮಾಡೂದಕ್ಕಿಂತ ಮೊದ್ಲೇ ನಿಮ್ಮ ಪಾಲು ತಗದಿಟ್ಟೀನಿ. ಮನಸಿನ್ಯಾಗ ಏನೂ ಇಟ್ಕೋಬ್ಯಾಡ್ರಿ, ಉಣ್ರಿ’ ಎಂದರು.

ನಮಗೆ ಮಾತೇ ಹೊರಡಲಿಲ್ಲ. ನಾವು ಅವರ ಊರಿಗೆ ಪ್ರೀತಿಯನ್ನು ಕಲಿಸಲು ಬಂದವರು. ಅವರು ನಸುಕಿನಲ್ಲೆದ್ದು ಅಡಿಗೆ ಮಾಡುವಾಗಲೇ ನಮ್ಮ ಅಂತಃಕರಣವನ್ನು ನೆನೆದು, ತಮ್ಮ ದೇವರಿಗಿಂತ ಮೊದಲು ನಮ್ಮ ಪಾಲನ್ನು ತೆಗೆದಿಟ್ಟಿದ್ದರು. ಪೌಲರು ಕೊರಿಂಥದವರಿಂದ ಬಯಸಿದ್ದು ಅದಲ್ಲದೆ ಮತ್ತೇನು? ಅವರ ಪತ್ರವನ್ನು ಆ ತಾಯಿ ಓದಿರಲಿಲ್ಲ. ಅಳುಕಿದ್ದ ಇಬ್ಬರು ಹಿರಿಯರಲ್ಲಿ ಒಬ್ಬರು ಅಲ್ಲಿಯೇ ಕಂಬಳಿಯ ಮೇಲೆ ಕುಳಿತು ಕಣ್ಣೊರೆಸಿಕೊಂಡರು.

ಎಲೆಯ ಮುಂದೆ ಕುಳಿತ ಮೇಲೆ ಆಕೆ ಕೇಳಿದ ಪ್ರಶ್ನೆ ಇದು: ‘ಉಣ್ಣೂಕಿಂತ ಮೊದ್ಲ ನಿಮ್ಮ ದೇವರಿಗಿ ಏನಂತೀರಿ? ಅನ್ರಿ, ನಾವೂ ಕೇಳ್ತೀವಿ.’ ಐದು ದಿನಗಳಿಂದ ನಾವು ಎಲ್ಲಿ, ಹೇಗೆ ಬಾಯಿ ತೆರೆಯಬೇಕೆಂದು ಚಡಪಡಿಸುತ್ತಿದ್ದ ಮಾತನ್ನು ಅವರಾಗಿಯೇ ಕೇಳಿದರು. ಗುರುಗಳು ಶಿಲುಬೆಯ ಗುರುತು ಹಾಕಿ, ಭೋಜನಕ್ಕೆ ಮುಂಚಿನ ಪ್ರಾರ್ಥನೆಯನ್ನು ಸಾವಕಾಶವಾಗಿ ಹೇಳಿದರು. ಹೊಲವೆಲ್ಲ ಸ್ತಬ್ಧವಾಗಿತ್ತು. ಆಮೇಲೆ ಆಕೆ, ‘ನಿಮ್ಮ ಏಸಪ್ಪನೂ ಮಂದೀಗಿ ಉಣ್ಣಾಕ ಬಡಸಿದ್ನೇನ್ರಿ?’ ಎಂದು ಕೇಳಿದರು. ಭಗಿನಿಯವರು ಕಡೆಯ ಭೋಜನದ ಕಥೆಯನ್ನು ಹೇಳಿದರು. ಗುರುವಾದವನು ಸೊಂಟಕ್ಕೆ ವಸ್ತ್ರ ಬಿಗಿದು ಶಿಷ್ಯರ ಪಾದ ತೊಳೆದದ್ದು, ರೊಟ್ಟಿಯನ್ನು ಮುರಿದು ಕೊಟ್ಟದ್ದು, ಮಾರನೆಯ ದಿನ ಪ್ರಾಣವನ್ನೇ ಕೊಟ್ಟದ್ದು, ಮೂರನೆಯ ದಿನ ಎದ್ದದ್ದು. ಹತ್ತು ವಾಕ್ಯವೂ ಆಗಲಿಲ್ಲ. ಆಕೆ ತಲೆದೂಗಿ, ‘ನಮ್ಮ ಶರಣಬಸಪ್ಪನೂ ಹಂಗೇ, ಹಸದವರಿಗಿ ಹಾಕಿದಾವ’ ಎಂದು ಮತ್ತೆರಡು ಕಡುಬು ಬಡಿಸಿದರು.

ಈ ಕೊನೆಯ ಮಾತಿನ ಬಗ್ಗೆ ನಮ್ಮೊಳಗೆ ಒಮ್ಮತವಿಲ್ಲ. ಲೋಕೋದ್ಧಾರಕರನ್ನು ಶರಣರೊಬ್ಬರ ಸಾಲಿಗೆ ಸೇರಿಸಿದಾಗ ನಾವು ಸುಮ್ಮನಿರಬೇಕಿತ್ತೇ, ಇನ್ನೊಂದು ಮಾತು ಹೇಳಬೇಕಿತ್ತಲ್ಲವೇ ಎಂದು ಮೂವರು ಇಂದಿಗೂ ಕೇಳುತ್ತಾರೆ. ಗುರುಗಳ ಉತ್ತರ: ಆಕೆ ತನ್ನ ಮನೆಯಲ್ಲಿ ಅತ್ಯಂತ ಪೂಜ್ಯವಾದ ಸ್ಥಳ ಯಾವುದೋ ಅಲ್ಲಿ ಸ್ವಾಮಿಗೆ ಮಣೆ ಹಾಕಿದ್ದಾಳೆ, ಮಣೆಯ ಮೇಲೆ ಕುಳಿತ ಅತಿಥಿ ಮುಂದೆ ಏನು ಮಾಡಬೇಕೆಂಬುದು ಅತಿಥಿಗೆ ಬಿಟ್ಟದ್ದು. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು ಅನ್ಯಧರ್ಮಗಳ ಕುರಿತು ಹೊರಡಿಸಿದ ಘೋಷಣೆಯು ಅವುಗಳಲ್ಲಿರುವ ಸತ್ಯವಾದುದನ್ನೂ ಪವಿತ್ರವಾದುದನ್ನೂ ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು ಸಾರಿದೆ. ಅದೇ ವರ್ಷದ ಡಿಸೆಂಬರ್ 7ರ ಪ್ರೇಷಿತ ಕಾರ್ಯದ ಆದೇಶವು ಧರ್ಮಸಭೆಯು ಸ್ವಭಾವತಃ ಪ್ರೇಷಿತವೆಂದೂ ಸಾರಿದೆ. ಎರಡನ್ನೂ ಒಟ್ಟಿಗೆ ಹಿಡಿಯುವುದು ಗ್ರಂಥಾಲಯದಲ್ಲಿ ಸುಲಭ. ಜೋಳದ ಹೊಲದಲ್ಲಿ ಅಷ್ಟು ಸುಲಭವಲ್ಲವೆಂಬುದನ್ನು ಮಾತ್ರ ಅನುಭವದಿಂದ ಹೇಳಬಲ್ಲೆವು.

ಮರಳಿ ಬಂದ ಮೇಲೆ ಶುಭಸಂದೇಶದ ಪಯಣದ ಪ್ರಸಂಗಗಳನ್ನು ಮತ್ತೆ ಓದಿದೆವು. ಎಮ್ಮಾವುವಿನ ದಾರಿಯಲ್ಲಿ ಪುನರುತ್ಥಾನರಾದ ಸ್ವಾಮಿ ಮೊದಲು ಉಪದೇಶ ಮಾಡಲಿಲ್ಲ. ಏನು ಮಾತನಾಡುತ್ತ ನಡೆದಿದ್ದೀರಿ ಎಂದು ಕೇಳಿದರು. ಅವರ ದುಃಖವನ್ನೆಲ್ಲ ಕೇಳಿದ ಮೇಲೆ ಮಾತು. ಒತ್ತಾಯ ಮಾಡಿದ ಮೇಲೆಯೇ ಮನೆಯೊಳಕ್ಕೆ ಹೋದದ್ದು. ಪ್ರೇಷಿತರ ಕಾರ್ಯಕಲಾಪಗಳಲ್ಲಿ ಫಿಲಿಪ್ಪನಿಗೆ ಗಾಜಾದ ದಾರಿಯಲ್ಲಿ ಎದುರಾದ ಇಥಿಯೋಪಿಯದ ಅಧಿಕಾರಿಯ ಕಥೆಯೂ ಹಾಗೆಯೇ. ಅದಕ್ಕಿಂತ ಅಲ್ಪಾವಧಿಯ ಪ್ರೇಷಿತ ಕಾರ್ಯ ಇನ್ನೊಂದಿರಲಾರದು. ಅಂದಿನ ಬಳಿಕ ಅವರಿಬ್ಬರೂ ಒಬ್ಬರನ್ನೊಬ್ಬರು ಕಾಣಲಿಲ್ಲ. ಆದರೆ ರಥ ಫಿಲಿಪ್ಪನದಲ್ಲ. ಕೈಯಲ್ಲಿದ್ದ ಗ್ರಂಥವೂ ಅವನದಲ್ಲ. ಹತ್ತಿ ಕುಳಿತುಕೋ ಎಂದು ಕರೆದವನು ಆ ಪಯಣಿಗ, ಅರ್ಥವನ್ನು ಕೇಳಿದವನೂ ಅವನೇ. ನಮ್ಮ ಬಂಡಿಗೆ ಅವರನ್ನು ಹತ್ತಿಸಿಕೊಳ್ಳಲು ಹೋದಾಗ ನಾವು ಪಾರ್ಟಿಯವರಾದೆವು. ಅವರ ಬಂಡಿಯನ್ನು ಹತ್ತಿದ ದಿನ ಪ್ರಾರ್ಥನೆ ಹೇಳಿರೆಂದು ಅವರೇ ಕೇಳಿದರು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನ ಹೆಬಿಕ್ ಅವರು ಜಾತ್ರೆಗಳ ನಡುವೆ ನಿಂತು ಗಟ್ಟಿಯಾಗಿ ಸಾರುತ್ತಿದ್ದರು. ಅವರ ಧೈರ್ಯಕ್ಕೆ ನಮಸ್ಕಾರ. ಆ ದಾರಿ ನಮಗೆ ಸರಿಬೀಳದು.

ಹಾಗಾದರೆ ಹತ್ತು ದಿನದ ಪಯಣದಿಂದ ಆದದ್ದೇನು, ಆ ರೈಲು ಖರ್ಚನ್ನು ಅಲ್ಲಿಯ ಬಡವರಿಗೇ ಕಳುಹಿಸಬಹುದಿತ್ತಲ್ಲವೇ ಎಂದು ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರು ನೇರವಾಗಿ ಕೇಳಿದರು. ನ್ಯಾಯವಾದ ಪ್ರಶ್ನೆ. ಇದಕ್ಕೆ ನಮ್ಮಲ್ಲಿ ಪೂರ್ಣ ಉತ್ತರವಿಲ್ಲ. ಮೈಸೂರು ಸೀಮೆಯಲ್ಲಿ ನಮ್ಮ ಪೂರ್ವಿಕರ ನಡುವೆ ದುಡಿದ ಅಬ್ಬೆ ದ್ಯುಬುವಾ ಅವರನ್ನು ನೆನೆಯಿರಿ. ಪ್ಯಾರಿಸಿನ ವಿದೇಶಿ ಪ್ರೇಷಿತ ಸಂಘದ ಈ ಗುರುಗಳು 1792ರಲ್ಲಿ ಭಾರತಕ್ಕೆ ಬಂದು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಿ, ಈ ನಾಡಿನ ಉಡುಪು ತೊಟ್ಟು, ಈ ನಾಡಿನ ಊಟ ಉಂಡು, ಸಿಡುಬಿನ ಲಸಿಕೆಯನ್ನು ಊರೂರಿಗೆ ಹಬ್ಬಿಸಿ, ಮೂವತ್ತೊಂದು ವರ್ಷಗಳ ಬಳಿಕ 1823ರಲ್ಲಿ ಮರಳಿದರು. ಅಷ್ಟು ದುಡಿದವರು ಕೊನೆಗೆ ತಮ್ಮ ಪ್ರೇಷಿತ ಕಾರ್ಯ ಫಲಿಸಲಿಲ್ಲವೆಂದು ನಿರಾಶೆಯಿಂದಲೇ ಬರೆದರು. ಅವರು ವಿಫಲರೆಂದು ನಾವಾರೂ ಒಪ್ಪುವುದಿಲ್ಲ. ಇಂದು ಈ ಸೀಮೆಯಲ್ಲಿ ನಮ್ಮಂಥವರು ಇದ್ದೇವಲ್ಲ! ಮೂವತ್ತೊಂದು ವರ್ಷ ಕಳೆದವರಿಗೇ ಫಲ ಕಾಣಲಿಲ್ಲವೆಂದ ಮೇಲೆ, ಹತ್ತು ದಿನ ಹೋಗಿ ಬಂದವರು ಎಷ್ಟು ಜನ ಬಂದರು, ಎಷ್ಟು ಪುಸ್ತಿಕೆ ಹಂ಼ಚಿದಿರಿ ಎಂಬ ಲೆಕ್ಕಕ್ಕೆ ಉತ್ತರ ಕೊಡಬೇಕಾಗಿಲ್ಲವೆಂದು ನಮಗೆ ತೋರುತ್ತದೆ. ಕಾರ್ಮೆಲಿನ ಮಠದಿಂದ ಯಾವ ಪ್ರೇಷಿತ ನಾಡಿಗೂ ಹೋಗದ ಸಂತ ತೆರೇಸಮ್ಮನವರನ್ನು ಜಗದ್ಗುರು ಹನ್ನೊಂದನೆಯ ಭಕ್ತಿನಾಥರು 1927ರಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರರ ಜೊತೆಗೆ ಪ್ರೇಷಿತ ಕಾರ್ಯದ ಪಾಲಕಿಯೆಂದು ಸಾರಿದರು. ಹಾಸಿಗೆ ಹಿಡಿದು ನಮಗಾಗಿ ಜಪಮಾಲೆ ಎಣಿಸಿದವರನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಇನ್ನು ನಮ್ಮನ್ನು ನಿಜವಾಗಿ ಕಾಡಿದ ಮಾತು. ಜನವರಿ 4ರಂದು ಸಂಜೆ ಕಲಬುರಗಿಯಲ್ಲಿ ಬೆಂಗಳೂರಿನ ಕಡೆಯ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದೆವು. ನಮ್ಮಲ್ಲಿ ನಾಲ್ವರಿಗೆ ಕಾಯ್ದಿರಿಸಿದ ಸ್ಥಳ ದೊರೆಯದೆ ಸಾಮಾನ್ಯ ಬೋಗಿಯಲ್ಲಿ ಕುಳಿತರು. ಎಳ್ಳಮಾವಾಸ್ಯೆಗೆ ಊರಿಗೆ ಬಂದು ಮರಳುತ್ತಿದ್ದ ಗುಳೆಯ ಜನರಿಂದ ಬೋಗಿ ಕಿಕ್ಕಿರಿದಿತ್ತು. ಜೋಳದ ಚೀಲ, ಖಡಕ್ ರೊಟ್ಟಿಯ ಗಂಟು, ನಿದ್ದೆಗೆಟ್ಟ ಮಕ್ಕಳು. ಜೇವರ್ಗಿ ಕಡೆಯ ಒಂದು ಕುಟುಂಬ ತಾವೇ ಸರಿದು ನಮ್ಮವರಿಗೆ ಜಾಗ ಮಾಡಿಕೊಟ್ಟಿತು, ರೊಟ್ಟಿ ಶೇಂಗಾಹಿಂಡಿ ಕೊಟ್ಟಿತು. ಮಾತಿಗೆ ಮಾತು ಬೆಳೆದು, ಎಲ್ಲಿ ಕೆಲಸವೆಂದು ಕೇಳಿದಾಗ ಆ ಮನುಷ್ಯ ಒಂದು ಊರಿನ ಹೆಸರು ಹೇಳಿದ. ಅದು ನಮ್ಮ ಊರು. ಗುರುತು ಕೇಳಿದರೆ, ‘ದೊಡ್ಡ ಚರ್ಚ್ ಅದಲ್ರಿ, ಅದರ ಹಿಂದ’ ಎಂದ.

ಸಹೋದರ ಸಹೋದರಿಯರೇ, ನಮ್ಮ ದೇವಾಲಯದ ಹಿಂದಿನ ಹೊಸ ಬಡಾವಣೆಯಲ್ಲಿ ತಗಡಿನ ಗುಡಿಸಲುಗಳಿವೆ. ಎರಡು ವರ್ಷದಿಂದ ಇವೆ. ನಮ್ಮ ಗಂಟೆಯ ಸದ್ದಿಗೆ ಅವರು ಏಳುತ್ತಾರೆ. ಕ್ರಿಸ್ತಜಯಂತಿಯ ರಾತ್ರಿ ನಮ್ಮ ದೀಪಗಳನ್ನು ಅವರ ಮಕ್ಕಳು ಗೋಡೆಯಾಚೆ ನಿಂತು ನೋಡಿದ್ದಾರೆ. ಒಳಗೆ ಬರಬಹುದೆಂದು ತಮಗೆ ಗೊತ್ತಿರಲಿಲ್ಲ ಎಂದು ಆ ತಾಯಿ ಹೇಳಿದಳು. ನಾವು ಅವರನ್ನು ಕಾಣಲು ಒಂದು ರಾತ್ರಿಯ ಪ್ರಯಾಣ ಮಾಡಿ ಅವರ ಬೀಗ ಹಾಕಿದ ಮನೆಗಳ ಮುಂದೆ ನಿಂತು ಬಂದೆವು. ಅವರು ನಮ್ಮ ಗೋಡೆಯ ಹಿಂದೆ ಇದ್ದರು.

ಮರುವಾರ ನಮ್ಮಲ್ಲಿ ಕೆಲವರು ಆ ಗುಡಿಸಲುಗಳಿಗೆ ಹೋದೆವು. ಗಂಟು ಒಯ್ಯಲಿಲ್ಲ. ಕೊಟ್ಟ ಚಹಾ ಕುಡಿದು ಕುಳಿತು ಮಾತನಾಡಿದೆವು. ಪಡಿತರ ಚೀಟಿ ಇದ್ದವರು ರಾಜ್ಯದ ಯಾವುದೇ ನ್ಯಾಯಬೆಲೆ ಅಂಗಡಿಯಲ್ಲಿ ಧಾನ್ಯ ಪಡೆಯಬಹುದೆಂಬುದು ಅಲ್ಲಿ ಹಲವರಿಗೆ ತಿಳಿದಿರಲಿಲ್ಲ. ಒಬ್ಬ ನಿವೃತ್ತ ಗುಮಾಸ್ತರು ಅವರನ್ನು ಕರೆದೊಯ್ದು ಪರಿಚಯಿಸಿದರು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ನೋಂದಣಿಗೆ ಕಾಗದಪತ್ರ ಹೊಂದಿಸುವ ಕೆಲಸ ನಡೆದಿದೆ. ಭಾನುವಾರ ಸಂಜೆ ಅವರ ಮಕ್ಕಳು ನಮ್ಮ ಅಂಗಳದಲ್ಲಿ ಆಡುತ್ತಾರೆ. ಉಪದೇಶದ ತರಗತಿಗೆ ಯಾರನ್ನೂ ಕರೆದಿಲ್ಲ, ಬಾಗಿಲನ್ನು ಮುಚ್ಚಿಯೂ ಇಲ್ಲ. ಒಬ್ಬ ಹುಡುಗಿ ಮಾತೆ ಮರಿಯಮ್ಮನವರ ಗವಿಯ ಮುಂದೆ ನಿಂತು, ಈ ಅವ್ವ ಯಾಕೆ ಕೈಮುಗಿದಿದ್ದಾಳೆ ಎಂದು ಕೇಳಿದಳಂತೆ. ನಮ್ಮ ದೇವಾಲಯದ ಹಿರಿಯ ಮಾಲಿ ತಮಗೆ ತಿಳಿದಷ್ಟನ್ನು ಹೇಳಿದ್ದಾರೆ.

ಎರಡನೆಯ ತಂಡದವರಿಗೆ ನಮ್ಮ ಅರಿಕೆ ಇಷ್ಟೇ. ಹೊರಡುವುದಕ್ಕೆ ಮುಂಚಿನ ಭಾನುವಾರ ಬಲಿಪೂಜೆ ಮುಗಿದ ಮೇಲೆ ಹಿಂದಿನ ಬಾಗಿಲಿನಿಂದ ಆ ಗುಡಿಸಲುಗಳಿಗೆ ಹೋಗಿ, ಊರಿಗೆ ಏನಾದರೂ ಹೇಳಿಕಳುಹಿಸುವುದಿದೆಯೇ ಎಂದು ಕೇಳಿ ಬನ್ನಿರಿ. ನಾವು ಕೇಳಿದಾಗ ರೈಲಿನಲ್ಲಿ ಜಾಗ ಮಾಡಿಕೊಟ್ಟ ಆ ಮನುಷ್ಯ ಒಳಗೆ ಹೋಗಿ ಒಂದು ಪೊಟ್ಟಣ ತಂದ. ಜೇವರ್ಗಿಯ ಆಚೆ ಅವನ ಊರು. ಅಲ್ಲಿ ಮುದಿತಾಯಿ ಒಬ್ಬಳೇ ಇದ್ದಾಳೆ. ಅವಳಿಗೊಂದು ಇಳಕಲ್ ಸೀರೆ. ಬಣ್ಣ ಅವಳಿಗೆ ಹಿಡಿಸೀತೋ ಇಲ್ಲವೋ ಎಂದು ಅವನಿಗೆ ಚಿಂತೆ. ಈ ಬಾರಿ ನಮ್ಮ ಕಡೆಯಿಂದ ಹೋಗುವ ಗಂಟು ಅದೊಂದೇ. ಅದು ಈಗ ಗುರುಮನೆಯ ಕಪಾಟಿನಲ್ಲಿದೆ. ಹೊರಡುವವರು ಮರೆಯದೆ ಕೇಳಿ ತೆಗೆದುಕೊಳ್ಳಬೇಕು.